ತೊಟ್ಟಿಯ ಕೆಸರು

"ತೊಳೆದರೆ ಹೊಳೆ ನಾರುತ್ತದೆ, ತೊಳೆಯದೆ ಬಿಟ್ಟರೆ ಹೊಳೆ ತಿಳಿಯಾಗುತ್ತದೆ. ಏನದು?"

ಗುರುಗಳು ಹೀಗೆ ಕೇಳಿದಾಗ ಶಿಷ್ಯ ಗುರುಮಲ್ಲ ತಲೆ ಕೆರೆದುಕೊಂಡ. ಅವನು ಕೇಳಿದ್ದೇ ಬೇರೆ. ಬೆಳಗಿನಿಂದ ಮಠದ ಬಚ್ಚಲ ಮೋರಿ ಬಳಿದು ಬಂದು, "ಬುದ್ಧಿ, ಯಾರೂ ನೋಡದ ಕೆಲಸವನ್ನು ಯಾಕೆ ಮಾಡಬೇಕು?" ಎಂದಿದ್ದ. ಕೇಳಿದ್ದಕ್ಕೆ ಉತ್ತರ ಕೊಡದೆ ಒಗಟು ಹಾಕುವುದು ಗುರುಗಳ ಹಳೇ ಚಾಳಿ.

"ಸೋತೆ, ಬುದ್ಧಿ."

"ಸೋಲದೆ ಇನ್ನೇನು ಮಾಡ್ತೀಯ, ಕೂತ್ಕೋ," ಎಂದು ಅವರು ಕತೆ ಹಿಡಿದರು.

ಒಂದು ಸಣ್ಣ ಊರು. ಊರಿನ ಬಚ್ಚಲು, ಕಕ್ಕಸುಗಳ ನೀರೆಲ್ಲ ಹೊಳೆದಂಡೆಯ ಒಂದು ತೊಟ್ಟಿಗೆ ಬರುತ್ತಿತ್ತು. ಅದನ್ನು ಶುದ್ಧಮಾಡಿ ಹೊಳೆಗೆ ಬಿಡಲು ಪುರಸಭೆಯವರು ಒಬ್ಬ ಆಳನ್ನು ಇಟ್ಟಿದ್ದರು. ತೊಟ್ಟಿಯ ತುಂಬ ಕಂದು ಕೆಸರು. ಕೆಸರಿನ ತುಂಬ ಕಣ್ಣಿಗೆ ಕಾಣದ ಕೋಟಿ ಜೀವಗಳು. ಊರಿನ ಹೊಲಸೇ ಅವುಗಳ ಊಟ. ಆಳು ಮೋಟಾರು ಹಾಕಿ ಅವುಗಳಿಗೆ ಗಾಳಿ ಊದುತ್ತಿದ್ದ. ಅವು ಉಂಡು ಬಿಟ್ಟ ನೀರು ತಿಳಿಯಾಗಿ ಹೊಳೆ ಸೇರುತ್ತಿತ್ತು.

ಊರಲ್ಲಿ ಅವನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ. ಚಾದಂಗಡಿಯಲ್ಲಿ ಅವನು ಕೂತರೆ ಬೆಂಚು ತಾನಾಗಿ ಖಾಲಿಯಾಗುತ್ತಿತ್ತು. ಕಾಲು ಚಾಚಿಕೊಂಡು ಕುಡಿಯಬಹುದಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಅವನೊಂದಿಗೆ ಮಾತಾಡುತ್ತಿದ್ದವನು ಒಬ್ಬನೇ, ತೊಟ್ಟಿಯಿಂದ ಕೆಳಗೆ ಹೊಳೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳ.

"ಏನೋ ತಮ್ಮಾ, ನಿನ್ನ ಬೀಗರೆಲ್ಲ ಉಂಡರೇನೋ?" ಎಂದು ಅವನು ದಿನಾ ಬಂಡೆಯ ಮೇಲಿಂದ ಕೂಗುವನು.

"ಉಂಡು ತೇಗ್ತಾ ಇದ್ದಾರೆ ಕಣಣ್ಣಾ, ಗುಳ್ಳೆ ಕಾಣಲ್ವಾ?"

ದಿನಕ್ಕೆ ಅಷ್ಟೇ ಮಾತು. ಆ ಒಂದು ಮಾತಿಗಾಗಿ ಆಳು ಬೆಳಗಾಗುವುದನ್ನೇ ಕಾಯುತ್ತಿದ್ದ.

ಒಮ್ಮೆ ಮೇಲಿನ ಸಾಹೇಬರು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಹಬ್ಬಕ್ಕೆ ಮನೆ ತೊಳೆದ ಹಾಗೆ ತೊಟ್ಟಿಯನ್ನೂ ತೊಳೆದು ಸುಣ್ಣ ಬಳಿಯಬೇಕೆಂದರು ಪುರಸಭೆಯವರು.

"ಸ್ವಾಮಿ, ಕೆಲಸ ಮಾಡೋದೇ ಆ ಕೆಸರು," ಎಂದ ಆಳು.

"ಕೆಸರೇ ಕೆಲಸ ಮಾಡೋದಾದ್ರೆ ಸಂಬಳ ನಿನಗ್ಯಾಕಯ್ಯಾ?"

ಎಲ್ಲರೂ ನಕ್ಕರು. ಇದ್ದ ಕೆಲಸವೂ ಹೋದೀತೆಂದು ಹೆದರಿ, ಆಳು ತನ್ನ ಕೈಯಾರೆ ಕೆಸರೆಲ್ಲ ಬಳಿದು ಹಾಕಿದ. ಸಾಹೇಬರು ಬಂದರು. ಬೆಳ್ಳನೆಯ ತೊಟ್ಟಿ ನೋಡಿ ಮೆಚ್ಚಿ, ಹಾರ ಹಾಕಿಸಿಕೊಂಡು ಹೋದರು.

ಮಾರನೇ ದಿನ ಊರ ಹೊಲಸು ಎಂದಿನಂತೆ ತೊಟ್ಟಿಗೆ ಬಂತು. ಉಣ್ಣುವವರಿಲ್ಲ. ಬಂದಂತೆಯೇ ಹೊಳೆಗೆ ಹೋಯಿತು. ವಾರದೊಳಗೆ ಹೊಳೆ ಕಪ್ಪಾಯಿತು. ಒಗೆದ ಬಟ್ಟೆ ಒಗೆಯದ ಬಟ್ಟೆಗಿಂತ ಹೆಚ್ಚು ನಾರಿತು. ಊರಿನವರು ಬಟ್ಟೆಗಂಟನ್ನು ಮಡಿವಾಳನ ಮುಖಕ್ಕೇ ಎಸೆದರು. ಒಂದು ಬೆಳಿಗ್ಗೆ ಅವನು ದಂಡೆಗೆ ಬಂದು ನಿಂತ. ಆಳು ಅವನ ಕೂಗಿಗೆ ಕಾದ. ಅವನು ಕೂಗಲಿಲ್ಲ. ಇಸ್ತ್ರಿಪೆಟ್ಟಿಗೆ ಹೊತ್ತುಕೊಂಡು ಬೇರೆ ಊರಿನ ದಾರಿ ಹಿಡಿದ.

ಆಳು ಪಕ್ಕದ ಊರಿಗೆ ಹೋಗಿ, ಅಲ್ಲಿನ ತೊಟ್ಟಿಯಿಂದ ಎರಡು ಕೊಡ ಕೆಸರು ಬೇಡಿ ಪಡೆದ. ಬಸ್ಸಿನವರು ಹತ್ತಿಸಲಿಲ್ಲ. ಹೆಗಲ ಮೇಲೆ ಹೊತ್ತು ನಡೆದೇ ಬಂದ. ಅದನ್ನು ತೊಟ್ಟಿಗೆ ಸುರಿದು, ಬಾಣಂತಿಗೆ ಆರೈಕೆ ಮಾಡಿದಂತೆ ಹೊತ್ತುಹೊತ್ತಿಗೆ ಬೆಲ್ಲದ ನೀರು ಕೊಟ್ಟ, ಗಾಳಿ ಕೊಟ್ಟ. ಯಾಕೆಂದು ಯಾರೂ ಕೇಳಲಿಲ್ಲ. ಎರಡು ತಿಂಗಳಿಗೆ ತೊಟ್ಟಿ ಮತ್ತೆ ಕಂದು ಬಣ್ಣಕ್ಕೆ ತಿರುಗಿತು. ಹೊಳೆಯ ತಳದ ಕಲ್ಲು ಕಂಡಿತು. ಒಗೆಯುವ ಬಂಡೆಗೆ ಪಾಚಿ ಕಟ್ಟದಂತೆ ಅವನು ದಿನಾ ಹೋಗಿ ಉಜ್ಜಿ ಬರುತ್ತಿದ್ದ.

ಒಂದು ಬೆಳಿಗ್ಗೆ ಮೋಟಾರು ಹಾಕಲು ಹೊರಟಾಗ, ಬಂಡೆಗೆ ಬಟ್ಟೆ ಬಡಿಯುವ ಸದ್ದು ಕೇಳಿಸಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಗುರುಮಲ್ಲ ಕಣ್ಣೊರೆಸಿಕೊಂಡು, "ಸದ್ಯ! ಕೊನೆಗೂ ಮಡಿವಾಳ ಬಂದನಲ್ಲ, ಬುದ್ಧಿ," ಎಂದ.

"ನೀರು ತಿಳಿಯಾಗಿದ್ದು ನಿಜ ಕಣೋ, ಬಟ್ಟೆಯ ಸದ್ದು ನಿನಗೋಸ್ಕರ ನಾನು ಕಟ್ಟಿದ್ದು."