ಶಿಂಗಣ್ಣ ಕೈ ಮೇಲೆ ಕೂತು ಹೋಳಿಗೆ ಮಾಡಿಸಿದ್ದು

ಹೊನ್ನಂಬಾಡಿಯ ದೊರೆ ಕೆಂಚಭೂಪಾಲನಿಗೆ ತಾನು ಗೆದ್ದ ಯುದ್ಧಗಳಿಗಿಂತ ತನ್ನ ಅರಮನೆಯ ಹೋಳಿಗೆಯ ಮೇಲೆ ಹೆಮ್ಮೆ ಜಾಸ್ತಿ.

"ನಮ್ಮ ಶಿಂಗಣ್ಣನ ಹೋಳಿಗೆ ಎತ್ತಿ ಹಿಡಿದರೆ ಆಚೆ ಕಡೆಯ ಸೂರ್ಯ ಕಾಣಬೇಕು!" ಎಂದು ಬಂದವರಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದ. "ಇನ್ನು ಹೋಳಿಗೆ ಬಲ್ಲವನು ಅಂದರೆ ನಾನೇ. ತಟ್ಟುವ ಸದ್ದು ಕೇಳಿದರೆ ಸಾಕು, ಹೂರಣ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳಿಬಿಡುತ್ತೇನೆ."

ಶಿಂಗಣ್ಣ ಮೀಸೆ ಚಿಗುರುವ ಮೊದಲೇ ಅರಮನೆಯ ಅಡುಗೆಮನೆ ಸೇರಿದವನು. ಹೋಳಿಗೆ ತಟ್ಟುತ್ತ ತಟ್ಟುತ್ತಲೇ ಅವನ ಮೀಸೆ ನರೆಯತೊಡಗಿತ್ತು. ಅಷ್ಟರಲ್ಲಿ ಅಡುಗೆಮನೆಯ ಯಜಮಾನನಿಗೆ ವಯಸ್ಸಾಗಿ ಅವನು ಕಾಶಿಗೆ ಹೊರಟುಬಿಟ್ಟ. ಶಿಂಗಣ್ಣ ದೊರೆಯ ಮುಂದೆ ಬಂದು ಕೈಮುಗಿದ.

"ಮಹಾಪ್ರಭು, ಅಡುಗೆಮನೆಯ ಯಜಮಾನಿಕೆ ನನಗೆ ಕೊಡಿ."

ದೊರೆ ಬೆಚ್ಚಿಬಿದ್ದ. "ನಿನಗೆ ಕೊಟ್ಟರೆ ಹೋಳಿಗೆ ತಟ್ಟುವವರು ಯಾರಯ್ಯ?"

"ಅಂದರೆ ನಾನು ಕೆಟ್ಟದಾಗಿ ತಟ್ಟಿದ್ದರೆ ಇಷ್ಟು ಹೊತ್ತಿಗೆ ಯಜಮಾನನಾಗಿರುತ್ತಿದ್ದೆನೇ?"

ದೊರೆ ಮಂತ್ರಿ ಬೊಮ್ಮರಸನತ್ತ ತಿರುಗಿದ. ಬೊಮ್ಮರಸನಿಗೆ ಒಂದು ಉಪಾಯ ಹೊಳೆಯಿತು. ಅವನಿಗೊಬ್ಬ ಬಾಮೈದನಿದ್ದ, ಉಪ್ಪಿಗೂ ಸಕ್ಕರೆಗೂ ವ್ಯತ್ಯಾಸ ತಿಳಿಯದವನು. ಯಜಮಾನಿಕೆ ಅವನಿಗೆ ಸಿಗಲಿ ಎಂಬುದು ಮಂತ್ರಿಯ ಆಸೆ.

"ಪ್ರಭು, ಮಾಡುವುದು ಬೇರೆ, ಮಾಡಿಸುವುದು ಬೇರೆ," ಎಂದ ಬೊಮ್ಮರಸ. "ನಾಳೆ ಬೀಗರು ಊಟಕ್ಕೆ ಬರುತ್ತಾರಲ್ಲ, ಶಿಂಗಣ್ಣ ಹೋಳಿಗೆ ಮಾಡಿಸಿ ತೋರಿಸಲಿ. ಆದರೆ ಅವನ ಕೈ ಹಿಟ್ಟಿಗೆ ತಾಗಕೂಡದು. ಅಡುಗೆಯವರು ಮಿಕ್ಕ ಅಡುಗೆ ಮಾಡಲಿ, ಹೋಳಿಗೆಯ ಹತ್ತಿರ ಸುಳಿಯಕೂಡದು. ಸೋತರೆ ಇವನು ಇನ್ನು ಯಜಮಾನಿಕೆಯ ಮಾತೆತ್ತದೆ ಬದುಕಿಡೀ ಕಾವಲಿಯ ಮುಂದೆ ಕೂತಿರಲಿ."

"ಭಲೆ!" ಎಂದ ದೊರೆ.

ಶಿಂಗಣ್ಣ ಕೇಳಿದ. "ಅಡುಗೆಯವರನ್ನು ಬಿಟ್ಟು ಅರಮನೆಯಲ್ಲಿ ಯಾರನ್ನು ಬೇಕಾದರೂ ಕೆಲಸಕ್ಕೆ ಹಚ್ಚಬಹುದೇ?"

"ಯಾರನ್ನು ಬೇಕಾದರೂ. ಇದು ನನ್ನ ಮಾತು."

ಮರುದಿನ ಬೆಳಿಗ್ಗೆ ಶಿಂಗಣ್ಣ ಅಡುಗೆಮನೆಯ ನಡುವೆ ಮಣೆ ಹಾಕಿ ಕೂತ. ಸೇನಾಪತಿಯನ್ನು ಕರೆಸಿ ಕಣಕ ನಾದಲು ಹೇಳಿದ. ಸೇನಾಪತಿ ಶತ್ರುವನ್ನೇ ನಾದುವಂತೆ ನಾದಿದ. ಕಣಕ ಎಳೆದಷ್ಟೂ ಹಿಗ್ಗಿತು. ಕಾವಲುಭಟರು ಒರಳು ತಿರುಗಿಸಿದರು. ಹೂರಣ ಬೆಣ್ಣೆಯಾಯಿತು.

"ಇನ್ನು ತಟ್ಟುವವರು? ಮಂತ್ರಿಗಳೇ, ಬನ್ನಿ!"

"ನಾನೇ?"

"ದೊರೆಗಳ ಮಾತು ಮೀರುತ್ತೀರಾ?"

ಬೊಮ್ಮರಸ ಗೊಣಗುತ್ತ ಕೂತ. ಶಿಂಗಣ್ಣ ಮೋಸ ಮಾಡಿಯಾನೆಂದು ದೊರೆಯೂ ಬಂದು ಬಾಗಿಲಲ್ಲಿ ನಿಂತ.

ಮಂತ್ರಿಯ ಮೊದಲ ಹೋಳಿಗೆ ಹರಿದ ಕಂಬಳಿಯಂತಾಯಿತು. ಎರಡನೆಯದು ಕಾವಲಿಗೆ ಅಂಟಿ ಅರ್ಧ ಮಾತ್ರ ಮೇಲೆದ್ದಿತು. ಮೂರನೆಯದಕ್ಕೆ ಬಾಲ ಬಂತು.

ಶಿಂಗಣ್ಣನ ಕೈ ಒಂದೇ ಸಮನೆ ತುರಿಸತೊಡಗಿತು. ಹಾರಿ ಹೋಗಿ ಕಿತ್ತುಕೊಳ್ಳೋಣ ಅನ್ನಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿ ಅವುಗಳ ಮೇಲೆಯೇ ಕೂತ. ಹಣೆಯಲ್ಲಿ ಬೆವರಿಳಿಯಿತು. ಆದರೂ ನಕ್ಕು ಹೇಳಿದ.

"ಭೇಷ್ ಮಂತ್ರಿಗಳೇ! ಬಾಲದ್ದನ್ನು ಬೀಗರ ಎಲೆಗೇ ಬಡಿಸೋಣ."

"ಬೀಗರ ಎಲೆಗೇ!" ದೊರೆ ಒಳಗೆ ನುಗ್ಗಿದ. "ಬೊಮ್ಮರಸ, ಬೆರಳ ತುದಿಯಲ್ಲಿ ಒತ್ತಯ್ಯ! ನಡುವೆ ಅಲ್ಲ, ಅಂಚಿಗೆ!"

"ಹೋಗಲಿ ಬಿಡಿ ಪ್ರಭು," ಎಂದ ಶಿಂಗಣ್ಣ. "ತಿನ್ನುವವರಿಗೆ ತಟ್ಟುವುದು ಹೇಗೆ ಗೊತ್ತಾದೀತು?"

"ನನಗೆ ಗೊತ್ತಿಲ್ಲವೇ? ಏಳಯ್ಯ ಬೊಮ್ಮರಸ!"

ದೊರೆ ಕಿರೀಟ ತೆಗೆದು ಬೇಳೆಯ ಡಬರಿಯ ಮೇಲಿಟ್ಟ. ತೋಳಬಂದಿ ಕಳಚಿ, ಬಾಳೆಲೆ ಎಳೆದುಕೊಂಡು ತಟ್ಟತೊಡಗಿದ. ಮೊದಲನೆಯದು ಅವನಿಗೂ ಹರಿಯಿತು. ಬೊಮ್ಮರಸ ಕಿಸಕ್ಕೆಂದ. ದೊರೆಯ ಮುಖ ಕೆಂಪಾಯಿತು.

ಶಿಂಗಣ್ಣ ಕೂತಲ್ಲಿಂದಲೇ ಮೆಲ್ಲಗೆ ಹೇಳಿದ. "ಎಲೆಗೆ ಇನ್ನೊಂದು ತೊಟ್ಟು ಎಣ್ಣೆ, ಪ್ರಭು. ಅವಸರ ಬೇಡ. ಹಾಂ, ಹಾಗೇ ತಿರುಗಿಸುತ್ತ ತಟ್ಟಿ. ಮಂತ್ರಿಗಳೇ, ನೀವು ಬೇಯಿಸಿ, ಅದು ನಿಮಗೆ ಒಗ್ಗುತ್ತದೆ."

ನೋಡನೋಡುತ್ತ ಹೋಳಿಗೆ ಹುಣ್ಣಿಮೆ ಚಂದ್ರನಾಯಿತು. ಕಾವಲಿಯ ಮೇಲೆ ಉಬ್ಬಿತು. ದೊರೆ ಚಿಕ್ಕ ಮಗುವಿನಂತೆ ಚಪ್ಪಾಳೆ ಹೊಡೆದ.

ಮಧ್ಯಾಹ್ನ ಬೀಗರು ತುಪ್ಪ ಸುರಿದುಕೊಂಡು ತಿಂದದ್ದೇ ತಿಂದದ್ದು. "ಆಹಾ! ಇದನ್ನು ಮಾಡಿದವರು ಯಾರು?"

"ನಾನೇ!" ಎಂದು ದೊರೆ ಎದೆ ತಟ್ಟಿಕೊಂಡ. ಎದೆಯ ಮೇಲೆ ಹಿಟ್ಟಿನ ಐದು ಬೆರಳು ಮೂಡಿದವು. ಆಗ ಶಿಂಗಣ್ಣನ ಯುಕ್ತಿ ಅರ್ಥವಾಗಿ ಅವನು ಅಡುಗೆಮನೆಗೆ ನುಗ್ಗಿದ.

"ಎಲವೋ ಶಿಂಗಣ್ಣ! ನಾನು ತಟ್ಟಿದೆ, ಮಂತ್ರಿ ಬೇಯಿಸಿದ. ನೀನೇನು ಮಾಡಿದೆ? ಬೆಳಗಿನಿಂದ ಸುಮ್ಮನೆ ಕೂತಿದ್ದೆಯಲ್ಲ!"

"ಸುಮ್ಮನೆಯೇ? ಇಷ್ಟು ವರ್ಷ ಹೋಳಿಗೆ ತಟ್ಟಿ ನೋಯದ ಕೈ ಇವತ್ತು ತಟ್ಟದೆ ನೋಯುತ್ತಿದೆ, ಪ್ರಭು."

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಕಣ್ಣೊರೆಸಿಕೊಂಡು ಮುಖಕ್ಕೂ ಹಿಟ್ಟು ಬಳಿದುಕೊಂಡ. ತನ್ನ ಭುಜದ ಜರಿ ಶಾಲನ್ನು ತೆಗೆದು ಶಿಂಗಣ್ಣನಿಗೆ ಹೊದಿಸಿದ.

"ಇವತ್ತಿನಿಂದ ಅಡುಗೆಮನೆಗೆ ನೀನೇ ಯಜಮಾನ. ನಿನ್ನ ಅಪ್ಪಣೆಗೆ ಇಲ್ಲಿ ಎಲ್ಲರೂ ತಲೆಬಾಗಬೇಕು. ಹೇಳು, ಮೊದಲ ಅಪ್ಪಣೆ ಏನು?"

ಶಿಂಗಣ್ಣ ಶಾಲು ಸರಿಮಾಡಿಕೊಂಡು ಊಟದ ಮನೆಯತ್ತ ಒಮ್ಮೆ ನೋಡಿದ.

"ತಾವು ಈಗಲೇ ಕೈ ತೊಳೆಯಬೇಡಿ, ಪ್ರಭು. ಇನ್ನೂ ಒಂದು ಪಂಕ್ತಿ ಬಾಕಿ ಇದೆ."