ನಿದ್ದೆಗೆಟ್ಟ ಜೋಳ

ಕರಿಗುಡ್ಡದ ಬೊಪ್ಪರಸರ ಆಸ್ಥಾನದಲ್ಲಿ ನನ್ನಷ್ಟು ಜಾಣ ಇನ್ನೊಬ್ಬನಿಲ್ಲ. ಇದನ್ನು ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ನಾನೇ ಹೇಳಿಕೊಂಡು ತಿರುಗುತ್ತಿದ್ದೆ. "ಸಂಕಣ್ಣನವರ ಬುದ್ಧಿಯೆಲ್ಲ ಅರಮನೆಗೇ ಖರ್ಚಾಗುತ್ತೆ, ಮನೆಗೆ ಬರುವಾಗ ಬರೀ ಪೇಟ ಬರುತ್ತೆ" ಎಂದು ನನ್ನ ಹೆಂಡತಿ ಅನ್ನುತ್ತಿದ್ದಳು. ಅವಳ ಮಾತು ಬಿಡಿ.

ಒಂದು ದಿನ ಅರಸರು ತುಂಬಿದ ಸಭೆಯಲ್ಲಿ ತೊಡೆ ತಟ್ಟಿದರು. "ಈ ಸಲ ಹೊಸ ರಾಣಿಯ ಅಣ್ಣ ಬಂದಾಗ, ಅವನೂರಿಗಿಂತ ಮೊದಲು ನಮ್ಮ ಹೊಲದ ಸೀತನಿ ತಿನ್ನಿಸುತ್ತೇನೆ!"

ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಳೆ ಜೋಳದ ತೆನೆ ಸುಟ್ಟು, ಉಜ್ಜಿ, ಬಿಸಿಬಿಸಿ ಕಾಳು ಬಾಯಿಗೆ ಹಾಕಿಕೊಂಡರೆ ಅದು ಸೀತನಿ. ಅದಕ್ಕೆ ಮೊದಲು ತೆನೆ ಬರಬೇಕಲ್ಲ? ರಾಣಿಯ ತವರು ಬೆಚ್ಚಗಿನ ಬಯಲು. ನಮ್ಮದು ಗುಡ್ಡದ ಮೇಲಿನ ಊರು, ಚಳಿಗೆ ಜೋಳವೂ ಮುದುರಿಕೊಂಡು ಕೂರುತ್ತದೆ. ಅವರು ತೆನೆ ಕೊಯ್ಯುವಾಗ ನಮ್ಮದು ಆಗ ತಾನೇ ತೆನೆಯ ಮೊಗ್ಗು ಕಟ್ಟಿ ಹೊಡೆ ಹಾಯುತ್ತಿರುತ್ತದೆ.

ಆಗ ನಾನು ಸುಮ್ಮನಿರಬಹುದಿತ್ತು. ಬಾಯಿ ಸುಮ್ಮನಿರಬೇಕಲ್ಲ!

"ಪ್ರಭು, ಚಳಿಯಿಂದ ತಾನೇ ತಡ? ಹೊಲದ ತುಂಬ ರಾತ್ರಿಯಿಡೀ ಪಂಜು ಉರಿಸೋಣ. ಬೆಚ್ಚಗಿದ್ದರೆ ಜೋಳ ಬೇಗ ತೆನೆ ಹಾಕುತ್ತೆ."

"ಭಲೇ ಸಂಕಣ್ಣ!" ಎಂದು ಅರಸರು ಶಾಲು ಹೊದಿಸಿದರು. ನಡುಮಧ್ಯಾಹ್ನದ ಬಿಸಿಲಲ್ಲಿ ಅದನ್ನು ಹೊದ್ದುಕೊಂಡೇ ಬೆವರುತ್ತಾ ಮನೆಗೆ ಹೋದೆ.

ಪಂಜು ಉರಿದವು. ಜೋಳ ಬೆಳೆಯಿತು ನೋಡಿ, ಅಬ್ಬಬ್ಬಾ! ಎಲೆಯ ಮೇಲೆ ಎಲೆ, ದಂಟಿನ ಮೇಲೆ ದಂಟು. ಒಳಗೆ ಆನೆ ಹೊಕ್ಕರೂ ಕಾಣುತ್ತಿರಲಿಲ್ಲ. ತೆನೆ ಮಾತ್ರ ಒಂದೂ ಇಲ್ಲ.

ಅರಸರು ಕೆಂಡವಾದರು. ಸಿಟ್ಟು ನನ್ನ ಮೇಲಲ್ಲ, ಹೊಲ ಮಾಡುವ ಒಕ್ಕಲಿನ ಮೇಲೆ. "ಮೈಗಳ್ಳರು! ಹುಣ್ಣಿಮೆಯೊಳಗೆ ಹೊಡೆ ಬಾರದಿದ್ದರೆ ಇವರ ಬೆನ್ನಿಗೆ ಹೊಡೆತ ಬರುತ್ತೆ!"

"ಆಹಾ, ಎಂಥ ಶ್ಲೇಷೆ!" ಎಂದು ಮಂತ್ರಿಗಳು ಚಪ್ಪಾಳೆ ತಟ್ಟಿದರು. ಬಾಯಿ ನನ್ನದು, ಬೆನ್ನು ಅವರದು. ನಾಚಿಕೆಯಾಗಿ ಹೊಲಕ್ಕೆ ಓಡಿದೆ.

ಹಿರಿಯ ಒಕ್ಕಲಿಗನ ಹೆಂಡತಿ ದುರ್ಗವ್ವ ಬದುವಿನ ಮೇಲೆ ಕೂತಿದ್ದಳು. "ಬರ್ರಿ ಜಾಣಪ್ನೋರ! ನನ್ನ ಗಂಡನ ಬೆನ್ನಿಗೆ ಈಗಿಂದನ ಎಣ್ಣಿ ಹಚ್ಚಾಕ ಬಂದ್ರೇನು?"

"ಒಂದು ತೆನೆಯೂ ಇಲ್ಲವೇನಮ್ಮಾ?"

"ಬಾವಿ ಗ್ವಾಡಿ ಹಿಂದ ಒಂದೀಟು ಅದಾವ್ರಿ. ನಿಮ್ಮ ಶಾಣ್ಯಾತನ ಅಲ್ಲಿಗಿ ಮುಟ್ಟಿಲ್ಲ, ಬದುಕ್ಯಾವ."

ಹೋಗಿ ನೋಡಿದರೆ ಹೌದು, ಹಾಲು ತುಂಬುತ್ತಿರುವ ತೆನೆಗಳು! ಗೋಡೆ ಮುಟ್ಟಿದೆ. ಬೆಚ್ಚಗಿತ್ತು. ಪಂಜಿನ ಕಾವು ಆಚೆಗೆ ದಾಟಿತ್ತು, ಬೆಳಕು ದಾಟಿರಲಿಲ್ಲ. ಆಗ ನನ್ನ ಮಂಡೆಗೆ ಹೊಳೆಯಿತು. ಹಗಲು ಕುಗ್ಗಿ ಇರುಳು ಹಿಗ್ಗಿದರೆ ತಾನೇ ಜೋಳಕ್ಕೆ ತೆನೆ ಹಾಕುವ ಕಾಲ ತಿಳಿಯುವುದು? ನಾನು ಇರುಳನ್ನೇ ಕಿತ್ತುಕೊಂಡಿದ್ದೆ. ಪಾಪ, ಇನ್ನೂ ಉದ್ದ ಹಗಲಿನ ಕಾಲವೇ ಇದೆ ಅಂದುಕೊಂಡು ಅದು ಎಲೆ ಬಿಡುತ್ತಲೇ ಇತ್ತು.

ಆದರೆ ಅರಸರಿಗೆ "ತಪ್ಪಾಗಿದೆ, ಪಂಜು ಆರಿಸಿ" ಅನ್ನುವುದಕ್ಕೆ ಎರಡು ತಲೆ ಬೇಕು. ನನಗಿದ್ದದ್ದು ಒಂದು, ಅದೂ ಅಷ್ಟಕ್ಕಷ್ಟೇ.

ಹುಣ್ಣಿಮೆಯ ಹಿಂದಿನ ದಿನ ಅರಸರ ಬಳಿ ಹೋದೆ. "ಪ್ರಭು, ಬೆಚ್ಚಗಿದ್ದರೆ ಫಲ ಬೇಗ. ಹೌದಲ್ಲವೇ?"

"ಹೌದು, ಅದಕ್ಕೇನೀಗ?"

"ನಾಡೆಲ್ಲ ಯುವರಾಜನಿಗಾಗಿ ಕಾಯುತ್ತಿದೆ. ಹೊಲದ ಏರ್ಪಾಟನ್ನೇ ಅರಮನೆಯ ಒಳಕೋಣೆಗೂ ಮಾಡಿಸಲೇ?"

ಅರಸರು ಬೇಟೆಯ ಗುಂಗಿನಲ್ಲಿದ್ದರು. "ಮಾಡಿಸು, ಮಾಡಿಸು" ಅಂದುಬಿಟ್ಟರು.

ಮರುದಿನ ಬೆಳಿಗ್ಗೆ ಒಕ್ಕಲನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದರು. ಚಾಟಿಯವನು ಚಾಟಿ ನೆನೆಸುತ್ತಿದ್ದ. ಅರಸರು ಬಂದರು. ಕಣ್ಣು ಕೆಂಪು, ಪೇಟ ಓರೆ, ಆಕಳಿಕೆಯ ಮೇಲೆ ಆಕಳಿಕೆ.

"ಎಲ್ಲಿ ಆ ಸಂಕಣ್ಣ? ನನ್ನ ಮಂಚದ ಸುತ್ತ ಪಂಜಿನವರನ್ನು ನಿಲ್ಲಿಸಿದ್ದು ನೀನೇನೋ?"

"ತಮ್ಮ ಅಪ್ಪಣೆಯಂತೆ ಪ್ರಭು. ಬೆಚ್ಚಗಿತ್ತಲ್ಲವೇ?"

"ಬೆಚ್ಚಗಿತ್ತೋ ಮೂರ್ಖ! ಆದರೆ ಅಷ್ಟು ಬೆಳಕಿನಲ್ಲಿ, ಇರುಳೂ ಇಲ್ಲ ನಿದ್ದೆಯೂ ಇಲ್ಲ, ಸುತ್ತ ಜನ ಕಣ್ಣು ಬಿಟ್ಟುಕೊಂಡು ನಿಂತಿದ್ದರೆ ವಂಶ ಬೆಳೆಯುವುದು ಹೇಗೆ?"

ನಾನು ಕೈಮುಗಿದೆ. "ಪ್ರಭು, ಜೋಳವೂ ಅದನ್ನೇ ಕೇಳುತ್ತಿದೆ."

ಚಾಟಿಯವನು ಚಾಟಿ ನೆನೆಸುವುದನ್ನು ಬಿಟ್ಟು ನನ್ನತ್ತ ತಿರುಗಿದ. ಆಮೇಲೆ ಪರದೆಯ ಹಿಂದೆ ರಾಣಿಯವರು ಕಿಸಕ್ಕೆಂದರು. ಅರಸರ ಮೀಸೆ ಅಲುಗಿತು, ಹೊಟ್ಟೆ ಕುಣಿಯಿತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಬಿಡ್ರೋ ಅವರನ್ನ! ಆರಿಸ್ರೋ ಪಂಜು, ಹೊಲದ್ದೂ ನನ್ನದೂ!" ದುರ್ಗವ್ವನ ಗಂಡ ತಲೆಯ ರುಮಾಲು ಬಿಚ್ಚಿ ಮುಖ ಒರೆಸಿಕೊಂಡ.

ಗೋಡೆಯ ಹಿಂದಿನ ತೆನೆಗಳು ರಾಣಿಯ ಅಣ್ಣನ ತಟ್ಟೆಗೆ ಸರಿಹೋದವು. ಅವರೂರಲ್ಲಿ ಇನ್ನೂ ಕಾಳು ಕಟ್ಟಿರಲಿಲ್ಲವಂತೆ, ಮುಖ ಇಷ್ಟು ಸಣ್ಣ ಮಾಡಿಕೊಂಡು ತಿಂದರು. ಕತ್ತಲು ಕಂಡ ಮೇಲೆ ಉಳಿದ ಹೊಲವೂ ನಿಧಾನಕ್ಕೆ ಹೊಡೆ ಬಿಚ್ಚಿತು.

ಸೀತನಿ ಮೆಲ್ಲುತ್ತಾ ಅರಸರು ನನ್ನತ್ತ ತಿರುಗಿದರು. "ಅಲ್ಲಯ್ಯ, ಪಂಜು ಹಚ್ಚಿಸು ಎಂದವನು ಯಾರು?"

"ನಾನೇ ಪ್ರಭು."

"ಆರಿಸುವ ಹಾಗೆ ಮಾಡಿದವನು?"

"ಅವನೂ ನಾನೇ."

"ಅಂದರೆ ಗಂಟು ಹಾಕಿದವನೂ ನೀನೇ, ಬಿಚ್ಚಿದವನೂ ನೀನೇ. ಇನ್ನು ಬಹುಮಾನ ಯಾವ ಬಾಯಲ್ಲಿ ಕೇಳುತ್ತೀಯೋ?"

"ಪ್ರಭು, ಈ ಆಸ್ಥಾನದಲ್ಲಿ ಗಂಟು ಹಾಕುವವರು ನಾವೆಲ್ಲರೂ ಇದ್ದೇವೆ. ಹಾಕಿದ ಗಂಟು ಎಲ್ಲಿದೆ ಎಂದು ನೆನಪಿಟ್ಟುಕೊಂಡವನು ನಾನೊಬ್ಬನೇ!"