ಸೋಲಾರ್ ಟ್ಯಾಂಕಿಗೆ ಕಟ್ಟಿದ ಹಿಂಡ್ಲೆ ಬಳ್ಳಿ

ನಮ್ಮ ಬಚ್ಚಲಲ್ಲಿ ಏನಾಯಿತು, ಹೇಳಿ ನೋಡೋಣ? ಊಹೂಂ, ನಿಮಗೆ ಹೊಳೆಯುವುದಿಲ್ಲ, ನಾನೇ ಹೇಳಿಬಿಡುತ್ತೇನೆ. ನಲ್ಲಿಯಲ್ಲಿ ಬಿಸಿನೀರು ಬರುವುದೇ ನಿಂತಿತ್ತು. ತಾರಸಿಯ ಸೋಲಾರ್ ಟ್ಯಾಂಕು ಕೆಟ್ಟಿದೆ, ಗುಜರಿಗೆ ಹಾಕೋಣ ಎಂದು ನಾನೇ ತೀರ್ಮಾನಿಸಿದೆ.

ಗೋಡೆಯೊಳಗಿನ ಕಬ್ಬಿಣದ ಪೈಪು ನಕ್ಕಿತು. "ಹೋಗಿ ಬಾರಯ್ಯ, ನಿನಗೆ ವಯಸ್ಸಾಯಿತು."

"ನಾನು ದಿನವೂ ನೀರು ಕಾಯಿಸುತ್ತಿದ್ದೇನಲ್ಲಣ್ಣ, ಕೆಳಗೇಕೆ ತಲುಪುತ್ತಿಲ್ಲ?" ಎಂದಿತು ಟ್ಯಾಂಕು.

"ಇಪ್ಪತ್ತು ವರ್ಷ ನೀರಿಗೆ ದಾರಿ ಬಿಟ್ಟುಕೊಟ್ಟ ಪೈಪು ನಾನು. ಹಾದುಹೋಗುವ ನೀರಿನಿಂದ ಚಿಟಿಕೆ ಚಿಟಿಕೆ ಉಪ್ಪು ತೆಗೆದಿಟ್ಟುಕೊಂಡರೆ ತಪ್ಪೇನು?"

ಅಂದು ನೀರು ತುಂಬುವ ಹಬ್ಬ. ಹಬ್ಬಕ್ಕೆ ಹಿಂಡ್ಲೆ ಬಳ್ಳಿ ಸುತ್ತಿ ಸಿಂಗರಿಸಲು ಮನೆಯಲ್ಲಿ ಹಂಡೆಯಿಲ್ಲವಲ್ಲ, ಟ್ಯಾಂಕಿಗಾದರೂ ಕಟ್ಟೋಣವೆಂದು ನಮ್ಮಾಕೆ ತಾರಸಿ ಹತ್ತಿದಳು. ಟ್ಯಾಂಕಿನ ಬಾಯಿಗೆ ಕೈ ತಾಗಿ ಚುರ್ರೆಂದಿತು.

"ರೀ, ಇದು ಕುದೀತಾ ಇದೆ! ಕೆಟ್ಟಿದೆ ಅಂದ ಪುಣ್ಯಾತ್ಮರು ಯಾರು?"

ಟ್ಯಾಂಕು ಇಳಿಸಲು ಬಂದಿದ್ದ ಪ್ಲಂಬರ್ ಬಾಪ್ಟಿಸ್ಟರು, ಹಾಗಾದರೆ ನೀರು ದಾರಿಯಲ್ಲೇ ಕಟ್ಟಿಕೊಂಡಿದೆಯೆಂದು ಗೋಡೆ ಒಡೆದು ಪೈಪು ಕೊಯ್ದರು. ಒಳಗೆ ಉಪ್ಪು ಗಟ್ಟಿಕಟ್ಟಿ ಕಡ್ಡಿ ತೂರಲೂ ಜಾಗವಿರಲಿಲ್ಲ.

"ಅಬ್ಬ, ಎಷ್ಟು ಹೊತ್ತುಕೊಂಡಿದ್ದೆ!" ಎಂದು ಪೈಪೇ ನಿಟ್ಟುಸಿರುಬಿಟ್ಟಿತು.

ಹೊಸ ಪೈಪಿನಲ್ಲಿ ಬಿಸಿನೀರು ಧೋ ಎಂದು ಇಳಿಯಿತು. ಬಳ್ಳಿ ತೊಟ್ಟ ಟ್ಯಾಂಕು ತಾರಸಿಯಲ್ಲೇ ಉಳಿಯಿತು, ಎಣ್ಣೆಸ್ನಾನದ ಹಿಂದಿನ ಸಂಜೆ, ಆಶ್ವಯುಜ ಬಹುಳ ತ್ರಯೋದಶಿ, ಭಾನುವಾರ.